ಸೊನ್ನೆ ಬಡ್ಡಿಯ ಕೊನೆಯ ಶುಕ್ರವಾರ

ಹೆದರುವುದಕ್ಕೆ ಲೋಕದಲ್ಲಿ ಮರ್ಯಾದಸ್ಥ ವಸ್ತುಗಳು ಬೇಕಾದಷ್ಟಿವೆ. ಹಾವು ಇದೆ, ಹುಚ್ಚುನಾಯಿ ಇದೆ, ದಂತವೈದ್ಯರ ಕುರ್ಚಿ ಇದೆ, ವರ್ಷಕ್ಕೊಮ್ಮೆ ಬರುವ ಆಡಿಟ್ ಇದೆ. ಇಷ್ಟೆಲ್ಲ ಇದ್ದೂ ನಾನು ಹೆದರುವುದು ಸೊನ್ನೆಗೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನಾನು ಎಂ.ಎ. ಮಾಡಿದವನು, ಅದರ ಮೇಲೆ ಗ್ರಂಥಾಲಯ ವಿಜ್ಞಾನವನ್ನೂ ಓದಿದವನು, ಬಂಗಾರಪೇಟೆಯ ಒಂದು ಕಾಲೇಜಿನಲ್ಲಿ ಹದಿನಾರು ವರ್ಷದಿಂದ ಗ್ರಂಥಪಾಲಕ. ದಿನವಿಡೀ ಅಂಕಿಗಳ ನಡುವೆಯೇ ಓಡಾಡುವವನು. ಆದರೂ ಈಚೆಗೆ ಪುಸ್ತಕದ ಬೆನ್ನ ಮೇಲೆ ೨೦೦೦ ಅಂತ ಕಂಡರೆ ಆ ಮೂರು ಸೊನ್ನೆಗಳೂ ರೆಪ್ಪೆಯಿಲ್ಲದ ಕಣ್ಣುಗಳ ಹಾಗೆ ನನ್ನನ್ನೇ ನೋಡುತ್ತವೆ. ಹೋದ ವಾರ ರೈಲ್ವೆ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಉದ್ದಿನ ವಡೆ ಎತ್ತಿಕೊಂಡವನು, ಅದರ ತೂತಿನಲ್ಲಿ ಎದುರಿಗೆ ಕೂತಿದ್ದವರ ಒಂದೇ ಒಂದು ಕಣ್ಣು ಕಂಡು ಬೆಚ್ಚಿಬಿದ್ದು, ವಡೆಯನ್ನು ಹಾಗೇ ಸಾಂಬಾರಿನಲ್ಲಿ ಮುಳುಗಿಸಿಬಿಟ್ಟೆ.

ನಮ್ಮ ಮನೆ ಇರುವ ಜಾಗವೂ ಇದಕ್ಕೆ ಸ್ವಲ್ಪ ಕಾರಣ ಇರಬಹುದು. ಬೂದಿಕೋಟೆ ಕಡೆಯ ಹಳ್ಳಿಯವನಾದ ನಾನು, ಬಾಡಿಗೆ ಕಡಿಮೆ ಅಂತ ಮುಚ್ಚಿಹೋದ ಚಿನ್ನದ ಗಣಿಯ ಪಕ್ಕದ ಚಾಂಪಿಯನ್ ರೀಫ್ಸ್‌ನಲ್ಲಿ ಮನೆ ಮಾಡಿದೆ. ಮನೆಯ ಹಿಂದೆ ಮುನ್ನೂರು ಹೆಜ್ಜೆ ನಡೆದರೆ ಒಂದು ಹಳೇ ಶಾಫ್ಟ್, ಅಂದರೆ ಗಣಿಯೊಳಗೆ ಇಳಿಯುತ್ತಿದ್ದ ದುಂಡನೆಯ ಬಾಯಿ. ಸುತ್ತ ಗೋಡೆ ಕಟ್ಟಿ ಮೇಲೆ ಸಿಮೆಂಟಿನ ಚಪ್ಪಡಿ ಮುಚ್ಚಿದ್ದಾರೆ. ಚಪ್ಪಡಿಯ ಮೂಲೆಯಲ್ಲಿ ಮಾತ್ರ ಒಂದು ಸಂದು ಉಳಿದಿದೆ. ಮನೆಗೆ ಬಂದ ಹೊಸತರಲ್ಲಿ ಒಂದು ಭಾನುವಾರ ಮಟಮಟ ಮಧ್ಯಾಹ್ನ ಆ ಸಂದಿನಲ್ಲಿ ಒಂದು ಕಲ್ಲು ಬಿಟ್ಟು ಕಿವಿಗೊಟ್ಟು ನಿಂತೆ. ಸದ್ದು ಬರಲಿಲ್ಲ. ಇನ್ನಷ್ಟು ಹೊತ್ತು ನಿಂತೆ. ಗಾಳಿ ಕೂಡ ನಿಂತುಬಿಟ್ಟಿತ್ತು. ಪಕ್ಕದ ಮನೆಯ ಸೆಲ್ವಣ್ಣ, ಗಣಿಯಲ್ಲಿ ಇಪ್ಪತ್ತು ವರ್ಷದ ಮೇಲೆ ದುಡಿದವರು, ಬೇಲಿಯಾಚೆಯಿಂದ ನೋಡಿ, ‘ಸಾರ್, ಊಟಕ್ಕೆ ಹೋಗಿ. ಅದು ಬಿದ್ದ ಸುದ್ದಿ ಬರೋಲ್ಲ,’ ಅಂದರು. ಆರು ವರ್ಷವಾಯಿತು. ಆ ಕಲ್ಲು ಇನ್ನೂ ಬೀಳುತ್ತಲೇ ಇದೆ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ. ಇಂಥ ಜಾಗದಲ್ಲಿ ಬದುಕುವವನಿಗೆ ದುಂಡಗಿರುವ, ತಳ ಕಾಣದ ವಸ್ತುವಿನ ವಿಷಯದಲ್ಲಾದರೂ ಬುದ್ಧಿ ಇರಬೇಕಿತ್ತು.

ಸೊನ್ನೆ ನನ್ನ ಬಳಿಗೆ ಫೋನಿನಲ್ಲಿ ಬಂತು. ಅದಕ್ಕೂ ಮೊದಲು ನನ್ನ ಕ್ರೆಡಿಟ್ ಕಾರ್ಡಿನ ಸ್ಥಿತಿ ಹೇಳಬೇಕು. ಒಂದು ಫ್ರಿಜ್ಜು, ನನ್ನ ಎರಡು ಹಲ್ಲುಗಳ ರಿಪೇರಿ, ಭಾಮೈದನ ಮದುವೆಯಲ್ಲಿ ನಾನು ತೋರಿಸಿದ ಅನಗತ್ಯ ಔದಾರ್ಯ, ಇವೆಲ್ಲ ಸೇರಿ ಕಾರ್ಡಿನ ಮೇಲೆ ಎಪ್ಪತ್ತೆರಡು ಸಾವಿರ ಕೂತಿತ್ತು. ತಿಂಗಳು ತಿಂಗಳು ‘ಕನಿಷ್ಠ ಪಾವತಿ’ ಅಂತ ಬಂದಷ್ಟನ್ನು ಕಟ್ಟಿ, ಸಾಲ ತೀರುತ್ತಿದೆ ಅಂದುಕೊಂಡಿದ್ದೆ. ತೀರುತ್ತಿದ್ದದ್ದು ನಾನು. ನೂರಕ್ಕೆ ತಿಂಗಳಿಗೆ ಮೂರೂವರೆ ರೂಪಾಯಿಯಂತೆ ಬಡ್ಡಿಯೇ ಎರಡೂವರೆ ಸಾವಿರ ನುಂಗುತ್ತಿತ್ತು. ಅಂಥ ದಿನಗಳಲ್ಲಿ ಗ್ರಂಥಾಲಯದ ಒಳಕೋಣೆಯಲ್ಲಿ, ಹಳೇ ಪತ್ರಿಕೆಗಳ ಕಟ್ಟುಗಳ ನಡುವೆ, ಹದಿನಾರು ವರ್ಷದಲ್ಲಿ ಯಾರ ಫೋನೂ ಒಮ್ಮೆಯೂ ಮೊಳಗದ ಜಾಗದಲ್ಲಿ, ನನ್ನ ಫೋನು ಮೊಳಗಿತು. ಒಂದು ಹೆಣ್ಣು ದನಿ. ಹತ್ತಿಯಲ್ಲಿ ಸುತ್ತಿಟ್ಟ ದನಿ. ‘ಮಂಜುನಾಥ್ ಸಾರ್, ಹಳೇ ಕಾರ್ಡಿನ ಬಡ್ಡಿ ತುಂಬಾ ಕಷ್ಟ ಕೊಡ್ತಾ ಇದೆ ಅಲ್ವಾ?’ ಅಂದಿತು. ನನ್ನ ಹೆಂಡತಿಗೂ ತಿಳಿಯದಿದ್ದ ದುಃಖ ಅದಕ್ಕೆ ತಿಳಿದಿತ್ತು. ‘ಆ ಬಾಕಿನ ನಮ್ಮ ಕಾರ್ಡಿಗೆ ಟ್ರಾನ್ಸ್‌ಫರ್ ಮಾಡ್ಕೊಳ್ಳಿ ಸಾರ್. ಆರು ತಿಂಗಳು ಬಡ್ಡಿ ಸೊನ್ನೆ.’

ನಾನು ಬಿದ್ದದ್ದು ಟ್ರಾನ್ಸ್‌ಫರ್ ಅನ್ನುವ ಒಂದು ಮಾತಿಗೆ. ಕಾಲೇಜಿನಲ್ಲಿ ಕೆಲಸ ಮಾಡುವವರಿಗೆ ಅದರಷ್ಟು ಮಂಗಳಕರವಾದ ಶಬ್ದ ಇನ್ನೊಂದಿಲ್ಲ. ಹಿಂದೆ ನಮ್ಮಲ್ಲಿ ಒಬ್ಬ ಪ್ರಾಂಶುಪಾಲರಿದ್ದರು. ಗ್ರಂಥಾಲಯದ ಫ್ಯಾನುಗಳ ರೆಕ್ಕೆ ಎಣಿಸಿ ರಿಜಿಸ್ಟರಿನಲ್ಲಿ ಬರೆಸಿದವರು. ಅವರಿಗೆ ಟ್ರಾನ್ಸ್‌ಫರ್ ಆದಾಗ ಹಾರ ಹಾಕಿದೆವು, ಹಣ್ಣಿನ ಬುಟ್ಟಿ ಕೊಟ್ಟೆವು, ಕಣ್ಣೊರೆಸಿಕೊಂಡೆವು, ಸಂಜೆ ಬೋಂಡ ತರಿಸಿ ತಿಂದೆವು. ಟ್ರಾನ್ಸ್‌ಫರ್ ಆದದ್ದು ನಮ್ಮನ್ನು ಬಿಟ್ಟು ಹೋಗುತ್ತದೆ ಅನ್ನುವುದು ನನ್ನ ಜೀವಮಾನದ ತಿಳಿವಳಿಕೆ. ಬಾಕಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತದೆ, ಆದರೆ ಎರಡೂ ಮೇಜಿನ ಹಿಂದೆ ಕೂತಿರುವವನು ನಾನೇ ಅನ್ನುವುದು ಆಗ ಹೊಳೆಯಲಿಲ್ಲ. ಒಪ್ಪಿಕೊಂಡೆ. ಒಪ್ಪಿಕೊಂಡ ಮರುದಿನ ಒಂದು ಸಂದೇಹ ಕೇಳೋಣವೆಂದು ಅದೇ ನಂಬರಿಗೆ ಫೋನು ಮಾಡಿದರೆ, ಆ ನಂಬರು ಬಳಕೆಯಲ್ಲಿಲ್ಲ ಅಂತ ಬೇರೊಂದು ದನಿ ಹೇಳಿತು.

ಮನೆಯಲ್ಲಿ ಹೇಳಲೇಬೇಕಾಯಿತು. ನನ್ನ ಹೆಂಡತಿ ಸರಳಾ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಹನ್ನೊಂದು ವರ್ಷದಿಂದ ಅವಳಿಗೆ ಒಂದೇ ಆಸೆ, ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಅಂಗಡಿ. ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಒಂದು ಪುಟ್ಟ ಕೋಣೆ ನೋಡಿಟ್ಟಿದ್ದಳು. ನಲವತ್ತು ಸಾವಿರ ಅಡ್ವಾನ್ಸು. ಆರು ತಿಂಗಳು ಕಾಯುತ್ತೇನೆ, ಆಮೇಲೆ ಮೊಬೈಲ್ ಕವರು ಮಾರುವವರೊಬ್ಬರು ಕೇಳುತ್ತಿದ್ದಾರೆ, ಅವರಿಗೆ ಕೊಟ್ಟುಬಿಡುತ್ತೇನೆ ಅಂತ ಮಾಲೀಕರು ಹೇಳಿದ್ದರು. ಅವಳು ರವಿಕೆಗೆ ನೂರು, ಫಾಲ್ಸಿಗೆ ಐವತ್ತು ಅಂತ ಕೂಡಿಡುತ್ತಿದ್ದಳು. ನನ್ನ ಎಪ್ಪತ್ತೆರಡು ಸಾವಿರದ ಕಥೆ ಕೇಳಿ ಅವಳು ಹೊಲಿಗೆ ಮೆಷಿನ್ ನಿಲ್ಲಿಸಿ ಬೆರಳು ಮಡಚಿ ಎಣಿಸಿದಳು.

‘ಆರು ತಿಂಗಳು ತಿಂಗಳಿಗೆ ಹನ್ನೆರಡು ಸಾವಿರ ನಿಮ್ಮ ಸಂಬಳದಲ್ಲಿ ಕಟ್ಟಬೇಕು. ಅಷ್ಟೇ ತಾನೆ?’

‘ಅಷ್ಟೇ. ಬಡ್ಡಿ ಸೊನ್ನೆ.’

‘ಹಾಗಾದರೆ ಅವರಿಗೇನು ಲಾಭ?’

ಎಂ.ಎ. ಓದಿದ ನನಗೆ ತೋಚದ ಪ್ರಶ್ನೆ ಅದು. ಉತ್ತರ ಒಂದೊಂದಾಗಿ ಬಂತು. ಮೊದಲ ಬಿಲ್ಲಿನಲ್ಲೇ ಸಾಲ ಸಾಗಿಸಿದ ಶುಲ್ಕ ಅಂತ ನೂರಕ್ಕೆ ಎರಡು ರೂಪಾಯಿ, ಅದರ ಮೇಲೆ ತೆರಿಗೆ, ಒಟ್ಟು ಸುಮಾರು ಸಾವಿರದ ಏಳುನೂರು ಹಿಡಿದಿದ್ದರು. ಸೊನ್ನೆಯೊಳಗೆ ಹೋಗುವುದಕ್ಕೂ ಬಾಗಿಲಲ್ಲಿ ಟಿಕೇಟು ಇತ್ತು. ಆದರೂ ಹಳೇ ಬಡ್ಡಿಗೆ ಹೋಲಿಸಿದರೆ ಲಾಭವೇ, ಸುಳ್ಳು ಹೇಳಬಾರದು. ಇನ್ನೊಂದು ಮಾತನ್ನು ಸರಳಾ ತಾನೇ ಬಿಲ್ಲಿನ ಮೂಲೆಯಲ್ಲಿ ಕಂಡುಹಿಡಿದಳು. ಸೊನ್ನೆ ಬಡ್ಡಿ ಸಾಗಿಸಿದ ಸಾಲಕ್ಕೆ ಮಾತ್ರ. ಅದು ತೀರುವ ತನಕ ಹೊಸ ಕಾರ್ಡಿನಲ್ಲಿ ಒಂದು ಬಿಸ್ಕೆಟ್ ಪೊಟ್ಟಣ ಕೊಂಡರೂ ಕೊಂಡ ದಿನದಿಂದಲೇ ಅದಕ್ಕೆ ಪೂರ್ತಿ ಬಡ್ಡಿ. ಓದಿದವಳೇ ಹೊಸ ಕಾರ್ಡನ್ನು ತೆಗೆದುಕೊಂಡು, ಲೈನಿಂಗ್ ಬಟ್ಟೆಯ ಎರಡು ತುಂಡುಗಳ ನಡುವೆ ಇಟ್ಟು, ನಾಲ್ಕೂ ಕಡೆ ಮೆಷಿನ್ ಹೊಲಿಗೆ ಓಡಿಸಿಬಿಟ್ಟಳು. ‘ಬಿಚ್ಚಬೇಕಾದರೆ ದಾರ ಕತ್ತರಿಸಬೇಕು. ಕತ್ತರಿಸಿದರೆ ನನಗೆ ಗೊತ್ತಾಗುತ್ತೆ,’ ಅಂದಳು. ಹಳೇ ಕಾರ್ಡನ್ನು ಬಟ್ಟೆ ಕತ್ತರಿಯಿಂದ ನಾಲ್ಕು ತುಂಡು ಮಾಡಿದೆವು. ಯಾರಾದರೂ ಕಳ್ಳರು ಜೋಡಿಸಿಬಿಟ್ಟಾರೆಂದು ನಾನು ಆ ನಾಲ್ಕು ತುಂಡುಗಳನ್ನು ನಾಲ್ಕು ಕಡೆ ಬಿಸಾಡಿದೆ. ಒಂದನ್ನು ಕಾಲೇಜಿನಲ್ಲಿ, ಒಂದನ್ನು ಬಂಗಾರಪೇಟೆ ಪ್ಲಾಟ್‌ಫಾರಮ್ಮಿನ ಡಬ್ಬದಲ್ಲಿ, ಇನ್ನೆರಡನ್ನು ಎಲ್ಲಿ ಅಂತ ಹೇಳಲಾರೆ.

ಮೂರು ವಾರ ಕಳೆದಿತ್ತು. ಬೆಳಗಿನ ಮಂಜಿನಲ್ಲಿ ನಾನು ಕಾಲೇಜಿಗೆ ಹೋಗುವ ರೈಲು ಮಂದವಾಗಿ ಸಾಗುತ್ತಿತ್ತು. ಕಿಟಕಿಯ ಹೊರಗೆ ಏನೂ ಇರಲಿಲ್ಲ, ಬರೀ ಬಿಳಿ. ಆಗ ಫೋನು ಮಿಡಿಯಿತು. ಸತ್ತ ಕಾರ್ಡು ಮಾತಾಡಿತ್ತು. ‘ಪ್ರಿಯ ಗ್ರಾಹಕರೇ, ನಿಮ್ಮ ಬಾಕಿ ೧,೩೮೬ ರೂಪಾಯಿ.’ ನಾಲ್ಕು ದಿಕ್ಕಿಗೆ ಬಿಸಾಡಿದ ತುಂಡುಗಳು ಎಲ್ಲೋ ಒಂದೆಡೆ ಸೇರಿ ಕೂತು ನನ್ನ ಹೆಸರು ಕರೆಯುತ್ತಿರುವ ಹಾಗೆ ಅನ್ನಿಸಿತು. ಪಕ್ಕದವರು ‘ಏನ್ ಸಾರ್, ಮನೇಲಿ ಎಲ್ಲ ಚೆನ್ನಾಗಿದಾರಾ?’ ಅಂತ ಕೇಳಿದರು. ಆಮೇಲೆ ವಿಚಾರಿಸಿದರೆ ಅದರಲ್ಲಿ ದೆವ್ವವೇನೂ ಇರಲಿಲ್ಲ. ಕೊನೆಯ ಬಿಲ್ಲು ಅಚ್ಚಾದ ದಿನಕ್ಕೂ ಹೊಸ ಬ್ಯಾಂಕಿನ ದುಡ್ಡು ಅಲ್ಲಿಗೆ ತಲುಪಿದ ದಿನಕ್ಕೂ ನಡುವೆ ಹದಿನೈದಿಪ್ಪತ್ತು ದಿನ ಇರುತ್ತವಲ್ಲ, ಆ ದಿನಗಳ ಬಡ್ಡಿ ಮುಂದಿನ ಬಿಲ್ಲಿನಲ್ಲಿ ತಲೆಯೆತ್ತುತ್ತದೆ. ಕಾರ್ಡನ್ನು ಕತ್ತರಿಸಿದ ಮಾತ್ರಕ್ಕೆ ಅದು ಸಾಯುವುದಿಲ್ಲ. ಪೂರ್ತಿ ಬಾಕಿ ಕೇಳಿ ಕಟ್ಟಿ, ಮುಚ್ಚಿ ಅಂತ ಬರೆದು ಕೊಟ್ಟು, ಮುಚ್ಚಿದ್ದೇವೆ ಅಂತ ಅವರಿಂದ ಬರೆಸಿಕೊಳ್ಳಬೇಕು. ಹಾಗೇ ಮಾಡಿದೆ. ಆ ಪತ್ರವನ್ನು ಮರಣ ಪ್ರಮಾಣಪತ್ರದ ಹಾಗೆ ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದೇನೆ.

ಅಲ್ಲಿಂದ ಐದು ಕಂತು ಸರಿಯಾಗಿ ಕಟ್ಟಿದೆ. ಆರನೆಯದು, ಕೊನೆಯದು, ಒಂದು ಶುಕ್ರವಾರಕ್ಕೆ ಬಿತ್ತು. ಮಾರನೆಯ ದಿನ ಶನಿವಾರ ಬೆಳಿಗ್ಗೆ ಹತ್ತಕ್ಕೆ ಸರಳಾ ಅಂಗಡಿಯ ಅಡ್ವಾನ್ಸು ಕೊಡಬೇಕು. ಅವಳ ನಲವತ್ತು ಸಾವಿರ ಬಟ್ಟೆ ಗಂಟಿನಲ್ಲಿ ಸಿದ್ಧವಾಗಿತ್ತು. ನನ್ನ ಹನ್ನೆರಡು ಸಾವಿರ ಖಾತೆಯಲ್ಲಿ ಸೋಮವಾರದಿಂದಲೇ ಇತ್ತು. ಬಡ್ಡಿಯೇ ಇಲ್ಲದ ಮೇಲೆ ಒಂದು ದಿನ ಮುಂಚೆ ಯಾಕೆ ಕಟ್ಟಬೇಕು, ಕೊನೆಯ ದಿನದವರೆಗೂ ದುಡ್ಡು ನಮ್ಮ ಹತ್ತಿರವೇ ಇರಲಿ ಅಂತ ನನ್ನ ಜಾಣತನ. ಶುಕ್ರವಾರ, ಶನಿವಾರ ಎರಡೂ ದಿನ ಪರೀಕ್ಷೆಗೆ ಮುಂಚಿನ ಓದಿನ ರಜೆ, ಮನೆಯಲ್ಲೇ ಇದ್ದೆ. ಬೆಳಿಗ್ಗೆ ಕಾಫಿ ಕುಡಿದು ಜಗಲಿಯಲ್ಲಿ ಕೂತು ಫೋನು ತೆಗೆದೆ. ಊರಿಂದ ನಮ್ಮ ಅಮ್ಮ ಬಂದಿದ್ದಳು. ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವಳು. ಅವಳ ಲೆಕ್ಕ ಒಂದು ಲೋಟವೂ ತಪ್ಪುವುದಿಲ್ಲ.

‘ಏನ್ಲಾ ಮಂಜಾ ಮಾಡ್ತಾ ಇದ್ದೀಯ?’

‘ಬ್ಯಾಂಕಿಗೆ ದುಡ್ಡು ಕಟ್ತಾ ಇದ್ದೀನಮ್ಮ.’

‘ಇವತ್ತು ಯಾವ ವಾರ?’

‘ಶುಕ್ರವಾರ.’

‘ಶುಕ್ರವಾರ ಬೆಳಬೆಳಿಗ್ಗೆ ದುಡ್ಡು ಆಚಿಗೆ ಕಳಿಸ್ತೀಯಾ? ಲಕ್ಷ್ಮಿ ಕತ್ತು ಇಡಿದು ಆಚಿಗೆ ನೂಕಿದಂಗೆ ಕಣ್ಲಾ. ನಾಳೆ ಆ ಉಡುಗಿ ಅಂಗ್ಡಿಗೆ ಕೈ ಆಕ್ತಾವ್ಳೆ. ಇವತ್ತು ಮನೆ ಬರಿದು ಮಾಡಬ್ಯಾಡ.’

‘ಅಮ್ಮ, ಇದು ಫೋನಲ್ಲಿ ಹೋಗೋ ದುಡ್ಡು. ಮನೆಯಿಂದ ಹೋಗಲ್ಲ.’

‘ಪೋನ್ ಎಲ್ಲೈತೆ?’

‘ಇಲ್ಲೇ. ನನ್ನ ಕೈಲಿ.’

‘ನಿನ್ನ ಕೈ ಎಲ್ಲೈತ್ಲಾ?’

ಈ ತರ್ಕದ ಮುಂದೆ ಯಾವ ವಿಶ್ವವಿದ್ಯಾಲಯದ ಪದವಿಯೂ ನಿಲ್ಲುವುದಿಲ್ಲ. ಫೋನು ಕೆಳಗಿಟ್ಟೆ. ಮೂಢನಂಬಿಕೆ ಅಂತ ಸ್ಟಾಫ್ ರೂಮಿನಲ್ಲಿ ಭಾಷಣ ಮಾಡುವ ನಾನು ಅಷ್ಟು ಸುಲಭವಾಗಿ ಯಾಕೆ ಸೋತೆ ಅಂತ ಈಗ ಯೋಚಿಸುತ್ತೇನೆ. ದುಡ್ಡು ಕೊಡಬೇಡ ಅನ್ನುವ ಸಂಪ್ರದಾಯ ಯಾವಾಗಲೂ ಬಹಳ ಪ್ರಾಚೀನವಾಗಿ, ಅರ್ಥಪೂರ್ಣವಾಗಿ ಕಾಣುತ್ತದೆ. ನಾಳೆ ಶನಿವಾರ ಕಟ್ಟಿದರಾಯಿತು, ಒಂದು ದಿನದಲ್ಲಿ ಏನು ಮುಳುಗುತ್ತದೆ ಅಂದುಕೊಂಡು ಪೇಪರು ತೆರೆದೆ.

ಒಂದು ಗಂಟೆಯ ಹೊತ್ತಿಗೆ ಸೆಲ್ವಣ್ಣ ಬಂದು ಜಗಲಿಯ ಮೇಲೆ ಕೂತರು. ಬಿಸಿಲು ಬೆಳ್ಳಗೆ ಬಿದ್ದಿತ್ತು, ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ನನ್ನ ಸಾಲದ ವಿಷಯ ಅವರಿಗೆ ಮೊದಲಿನಿಂದ ಗೊತ್ತು. ಇಂದು ಕೊನೇ ದಿನ, ಅಮ್ಮ ಬೇಡವೆಂದಳು, ನಾಳೆ ಕಟ್ಟುತ್ತೇನೆ ಅಂತ ನಗುತ್ತ ಹೇಳಿದೆ. ಅವರು ನಗಲಿಲ್ಲ.

‘ಸಾರ್, ನಮ್ಮ ಟೈಮ್ ಆಫೀಸಲ್ಲಿ ಒಂದು ಬೋರ್ಡ್ ಇತ್ತು. ಒಬ್ಬೊಬ್ಬನಿಗೂ ಒಂದೊಂದು ಹಿತ್ತಾಳೆ ಬಿಲ್ಲೆ. ಕೆಳಗೆ ಇಳಿಯೋವಾಗ ಅಲ್ಲಿ ಮಾಟ್ಟಬೇಕು, ಅಂದ್ರೆ ನೇತಾಕಬೇಕು, ಮೇಲೆ ಬಂದ್ಮೇಲೆ ತಗೀಬೇಕು. ಒಂದು ದಿನ ಶಿಫ್ಟ್ ಮುಗೀತು, ಎಲ್ಲಾರೂ ಬಂದರು, ಒಂದು ಬಿಲ್ಲೆ ಮಾತ್ರ ಹಂಗೇ ನೇತಾಡ್ತಾ ಇತ್ತು. ನಾವು ನಾಲಕ್ ಜನ ಕೇಜಲ್ಲಿ, ಅದೇ ಗಣಿ ಲಿಫ್ಟಲ್ಲಿ, ತಿರುಗಿ ಇಳಿದ್ವಿ. ಅವನು ಆ ಕೆಳಗೆ, ದೀಪ ಆರಿಸ್ಕೊಂಡು, ಸುಮ್ನೆ ಕೂತಿದ್ದ ಸಾರ್. ಏನ್ಡಾ ಇದು ಅಂದ್ರೆ, “ಕೊಂಚ ನೇರ ತಾನೆ ಅಣ್ಣ, ಸ್ವಲ್ಪ ಹೊತ್ತು, ಒಂದು ಕೇಜ್ ಹೋದ್ರೆ ಇನ್ನೊಂದು ಬರುತ್ತೆ ಅಂತ ಕೂತೆ” ಅಂದ. ಅದು ಲಾಸ್ಟ್ ಕೇಜಾ ಅಂತ ಅವನು ಯಾರನ್ನೂ ಕೇಳೇ ಇರಲಿಲ್ಲ.’

‘ಆಮೇಲೆ?’

‘ಆಮೇಲೆ ಏನಿಲ್ಲ. ಮೇಲೆ ಕರ್ಕೊಂಡು ಬಂದ್ವಿ. ಆದ್ರೆ ಅವನು ಮುಂಚಿನ ಹಂಗೆ ಮಾತಾಡ್ಲಿಲ್ಲ, ರಿಟೈರ್ ಆಗೋ ತನಕ.’

ಆ ಹೊತ್ತಿಗೆ ಸರಿಯಾಗಿ ಒಳಗೆ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಸ್ಟೀಲ್ ಲೋಟಗಳು ಟಿಣಿಟಿಣಿ ಅಂದವು. ಕಾಲಡಿಯಲ್ಲಿ ಯಾರೋ ಮಗ್ಗುಲು ಬದಲಾಯಿಸಿದ ಹಾಗಾಯಿತು. ನಮ್ಮಲ್ಲಿ ಇದು ಆಗಾಗ ಉಂಟು. ‘ಕೆಳಗೆ ಬಂಡೆ ಕೂತ್ಕೋತಾ ಇದೆ, ಅಷ್ಟೇ,’ ಅಂದರು ಸೆಲ್ವಣ್ಣ. ಬೇರೆ ದಿನವಾದರೆ ನಾನು ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ಅವತ್ತು ಎದ್ದು ಒಳಗೆ ಹೋಗಿ ಬ್ಯಾಂಕಿನ ಷರತ್ತುಗಳ ಕಾಗದ ತಂದೆ. ಆರು ತಿಂಗಳ ಹಿಂದೆಯೇ ಅದನ್ನು ಮುದ್ರಿಸಿ, ತೂತು ಹೊಡೆದು, ಫೈಲಿಗೆ ಹಾಕಿ, ಬೆನ್ನಿಗೆ ಚೀಟಿ ಅಂಟಿಸಿ, ನಂಬರು ಕೊಟ್ಟಿದ್ದೆ. ಓದಿರಲಿಲ್ಲ. ಓದದೆ ಕ್ಯಾಟಲಾಗ್ ಮಾಡುವುದು ನಮ್ಮ ವೃತ್ತಿಯ ಗುಣ.

‘ಜೋರಾಗಿ ಓದಿ ಸಾರ್. ನಮಗೆ ರೂಲ್ಸ್ ಜೋರಾಗೇ ಓದ್ತಿದ್ರು.’

ಕನ್ನಡಕ್ಕೆ ತಿರುಗಿಸುತ್ತ ಜೋರಾಗಿ ಓದಿದೆ. ಹದಿನಾಲ್ಕನೆಯ ಷರತ್ತಿಗೆ ಬಂದಾಗ ನನ್ನ ದನಿ ಬೇರೆ ಯಾರದೋ ಹಾಗೆ ಕೇಳತೊಡಗಿತು. ಯಾವುದೇ ಕಂತು ಗಡುವಿನ ದಿನ ಜಮಾ ಆಗದಿದ್ದರೆ ಸೊನ್ನೆ ಬಡ್ಡಿಯ ಸೌಲಭ್ಯ ರದ್ದಾಗತಕ್ಕದ್ದು, ಮತ್ತು ಸಾಗಿಸಿದ ಪೂರ್ತಿ ಮೊತ್ತಕ್ಕೆ ಸಾಗಿಸಿದ ಮೊದಲ ದಿನದಿಂದ ಬಡ್ಡಿ ಹಾಕತಕ್ಕದ್ದು. ಹಳೇ ಕಾರ್ಡಿನ ಹಾಗೇ ನೂರಕ್ಕೆ ಮೂರೂವರೆ ಅಂತ ಮನಸ್ಸಿನಲ್ಲೇ ಗುಣಿಸಿದೆ. ತೆರಿಗೆ ಸೇರಿ ಹದಿನೇಳು ಸಾವಿರದ ಮೇಲೆ. ನಾನು ಆರು ತಿಂಗಳಿಂದ ತೀರಿಸುತ್ತಿದ್ದೇನೆ ಅಂದುಕೊಂಡಿದ್ದ ಪ್ರತಿ ದಿನವೂ ಆ ಬಡ್ಡಿ ಕೆಳಗೆ ಎಲ್ಲೋ ಬೆಳೆಯುತ್ತಲೇ ಇತ್ತು, ಸದ್ದಿಲ್ಲದೆ, ಒಂದು ದಿನ ತಪ್ಪಲಿ ಅಂತ ಕಾಯುತ್ತ. ಅದನ್ನು ತುಂಬುವುದಕ್ಕೆ ಮನೆಯಲ್ಲಿ ಇದ್ದದ್ದು ಒಂದೇ ದುಡ್ಡು, ಬಟ್ಟೆ ಗಂಟಿನೊಳಗಿನ ಸರಳಾಳ ಅಂಗಡಿ.

ಫೋನು ಎತ್ತಿದೆ. ಹನ್ನೆರಡು ಸಾವಿರ ಒತ್ತಿದೆ. ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ತಿರುಗಿತು, ತಿರುಗಿತು, ಆಮೇಲೆ ‘ವ್ಯವಹಾರ ಪ್ರಗತಿಯಲ್ಲಿದೆ’ ಅಂದಿತು. ಖಾತೆಯಲ್ಲಿ ದುಡ್ಡು ಕಡಿತವಾಗಿತ್ತು. ಕಾರ್ಡಿಗೆ ಸೇರಿರಲಿಲ್ಲ. ನಡುವೆ ಎಲ್ಲಿತ್ತೋ ದೇವರಿಗೇ ಗೊತ್ತು. ಕಾಯುತ್ತ ಗಂಟೆ ಎರಡೂಮುಕ್ಕಾಲಾಯಿತು. ರಾಬರ್ಟ್‌ಸನ್‌ಪೇಟೆಯ ಬ್ಯಾಂಕಿನಲ್ಲಿ ನಗದು ಕೌಂಟರು ಮೂರೂವರೆಗೆ ಮುಚ್ಚುತ್ತದೆ. ಸರಳಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಒಳಗೆ ಹೋಗಿ ಗಂಟು ಬಿಚ್ಚಿ, ಹನ್ನೆರಡು ಸಾವಿರ ಎಣಿಸಿ ತಂದು ನನ್ನ ಕೈಯಲ್ಲಿಟ್ಟಳು.

‘ಕಳೆದುಹೋದ ದುಡ್ಡು ನಾಳೆ ಹತ್ತರೊಳಗೆ ವಾಪಸ್ ಬರುತ್ತಾ?’

‘ಬರಬೇಕು.’

‘ಬರಬೇಕು ಅಂದರೇನು, ಬರುತ್ತೆ ಅನ್ನಿ,’ ಅಂದಳು. ನಾನು ಅಂಗಿ ಹಾಕಿಕೊಳ್ಳಲು ಒಳಗೆ ಓಡಿದೆ.

ಹೊಸ್ತಿಲಲ್ಲಿ ಅಮ್ಮ ಎರಡೂ ಬಾಗಿಲು ಹಿಡಿದು ನಿಂತಿದ್ದಳು. ಎಲ್ಲ ಹೇಳಿದೆ. ಹದಿನೇಳು ಸಾವಿರ ಅಂದದ್ದೇ ಅವಳ ಕೈ ಸಡಿಲವಾಯಿತು, ಆದರೆ ದಾರಿ ಬಿಡಲಿಲ್ಲ. ‘ಇಂಗೇ ಓಗಬ್ಯಾಡ. ಮೊದಲು ಒಂದು ಪಾಕೀಟು ಉಪ್ಪು ತಂದು ಒಳಗಿಕ್ಕು. ಶುಕ್ರವಾರ ಉಪ್ಪು ಬಂದ ಮನೇಗೆ ಲಕ್ಷ್ಮಿ ಬಂದಂಗೆ. ಒಳೀಕೆ ಬಂದ್ಮೇಲೆ ಆಚಿಗೆ ಓಗ್ಲಿ. ಓಡ್ಲಾ!’

ಓಡಿದೆ. ಬೀದಿಯ ಕೊನೆಯ ಅಂಗಡಿಯಲ್ಲಿ ಉಪ್ಪು ಕೇಳಿ, ಅಭ್ಯಾಸಬಲದಿಂದ ಫೋನು ತೆಗೆದು ಕೌಂಟರಿನ ಮೇಲಿನ ಕ್ಯು.ಆರ್. ಚೌಕಕ್ಕೆ ಹಿಡಿದೆ. ಪಿನ್ ಒತ್ತಲು ಹೆಬ್ಬೆರಳು ಇಳಿಯುತ್ತಿತ್ತು. ಆಗ ಕಂಡೆ, ಯಾವ ಖಾತೆಯಿಂದ ಅನ್ನುವ ಕಡೆ ಹೊಸ ಕ್ರೆಡಿಟ್ ಕಾರ್ಡಿನ ಹೆಸರಿತ್ತು. ಅದು ಬಟ್ಟೆಯೊಳಗೆ ನಾಲ್ಕೂ ಕಡೆ ಹೊಲಿಗೆ ಹಾಕಿಸಿಕೊಂಡು ಬೀರುವಿನಲ್ಲಿ ಮಲಗಿತ್ತು, ಆದರೂ ನನ್ನ ಫೋನಿನೊಳಗೆ ಎದ್ದು ಕೂತಿತ್ತು. ಕಾರ್ಡು ಬಂದ ದಿನ ನಾನೇ ಜೋಡಿಸಿಟ್ಟಿದ್ದೆ. ಹೆಬ್ಬೆರಳು ಗಾಳಿಯಲ್ಲೇ ನಿಂತಿತು. ಜೇಬಿನಿಂದ ಐವತ್ತರ ನೋಟು ತೆಗೆದು ಎಸೆದು, ಚಿಲ್ಲರೆಗೆ ಕಾಯದೆ ಉಪ್ಪು ಎದೆಗವಚಿಕೊಂಡು ಮನೆಗೆ ಓಡಿ, ಅದನ್ನು ಹೊಸ್ತಿಲೊಳಗಿಟ್ಟು, ಆಟೋ ಹಿಡಿದೆ. ಅಂಗಡಿಯವರು ಇಂದಿಗೂ ನನ್ನನ್ನು ಕಂಡರೆ ಮನೆಯಲ್ಲಿ ಎಲ್ಲರಿಗೂ ಬಿ.ಪಿ. ಹೇಗಿದೆ ಅಂತ ವಿಚಾರಿಸುತ್ತಾರೆ.

ಆಟೋ ಹಳೇ ಮಣ್ಣುದಿಬ್ಬಗಳ ಪಕ್ಕದಲ್ಲಿ ಹೋಗುವಾಗ ಗಾಳಿ ಎದ್ದಿತು. ಚಿನ್ನ ತೆಗೆದು ಉಳಿದ ಆ ಬೂದು ಮಣ್ಣು ರಸ್ತೆಗೆ ಅಡ್ಡವಾಗಿ ಹರಡಿ, ಸೂರ್ಯ ಒಂದು ಬಿಳಿಯ ಬಿಲ್ಲೆಯಾಗಿ ಕಾಣುತ್ತಿದ್ದ. ಮುಂದೆ ದಾರಿ ಇಲ್ಲ, ಹಿಂದೆ ದಾರಿ ಇಲ್ಲ. ಆಟೋದವರು ಗಾಡಿ ನಿಲ್ಲಿಸಿ, ‘ಕೊಂಚ ಇರಿ ಸಾರ್, ಧೂಳು ಹೋಗ್ಲಿ,’ ಅಂದರು. ಕೊಂಚ ಅನ್ನುವ ಆ ಮಾತು ಕೇಳಿದ್ದೇ, ಗಣಿಯ ಕೆಳಗೆ ದೀಪ ಆರಿಸಿಕೊಂಡು ಕೂತಿದ್ದವನು ನೆನಪಾದ. ‘ಹಾರನ್ ಹೊಡ್ಕೊಂಡು ನಡೀರಿ ಅಣ್ಣಾ, ನಿಲ್ಲಬೇಡಿ,’ ಅಂತ ಕಿರುಚಿದೆ. ಅವರು ಕನ್ನಡಿಯಲ್ಲಿ ನನ್ನ ಮುಖ ನೋಡಿದರು, ಗಾಡಿ ಬಿಟ್ಟರು. ಮೂರು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಕೌಂಟರಿನ ಹುಡುಗಿ ನೋಟು ಎಣಿಸಿ, ನಗದಿನಲ್ಲಿ ಕಟ್ಟಿದ್ದಕ್ಕೆ ಬೇರೆ ಒಂದಿಷ್ಟು ಶುಲ್ಕ ಹಿಡಿದು, ರಸೀದಿ ಕೊಟ್ಟಳು. ‘ಇವತ್ತಿನ ತಾರೀಖಿಗೇ ಜಮಾ ಆಗುತ್ತೆ ತಾನೆ?’ ಅಂತ ಮೂರು ಸಲ ಕೇಳಿದೆ. ಮೂರನೆಯ ಸಲಕ್ಕೆ ಅವಳು ಕಂಪ್ಯೂಟರಿನ ಪರದೆಯನ್ನೇ ನನ್ನ ಕಡೆ ತಿರುಗಿಸಿ ತೋರಿಸಿದಳು.

ಶನಿವಾರ ಬೆಳಿಗ್ಗೆ ಏಳೂವರೆಗೆ, ನಾವು ಮೂವರೂ ಫೋನಿನ ಸುತ್ತ ಕೂತು ಇಡ್ಲಿ ತಿನ್ನದೆ ಕಾಯುತ್ತಿರುವಾಗ, ನಡುವೆ ಎಲ್ಲೋ ಅಲೆಯುತ್ತಿದ್ದ ಹನ್ನೆರಡು ಸಾವಿರ ಖಾತೆಗೆ ಮರಳಿತು. ಎ.ಟಿ.ಎಂ.ನಿಂದ ತೆಗೆದು ಗಂಟಿಗೆ ಸೇರಿಸಿದೆ. ಹತ್ತಕ್ಕೆ ಐದು ನಿಮಿಷ ಇರುವಾಗ ಸರಳಾ ಅಂಗಡಿಯ ಬೀಗದ ಕೈ ಇಸಿದುಕೊಂಡಳು. ಬಾಗಿಲು ತೆಗೆದು ಒಳಗೆ ಹೋಗಿ, ಏನೂ ಇಲ್ಲದ ಆ ಕೋಣೆಯ ನಾಲ್ಕೂ ಗೋಡೆಗಳನ್ನು ಟೇಪಿನಿಂದ ಅಳೆದಳು, ಯಾರಿಗೋ ರವಿಕೆ ಹೊಲಿಯುವವಳ ಹಾಗೆ. ನಾನು ಹೊರಗೆ ಬೆವರೊರೆಸಿಕೊಳ್ಳುತ್ತ, ಪಕ್ಕದಲ್ಲಿದ್ದ ಅಮ್ಮನಿಗೆ, ‘ನೋಡಮ್ಮ, ನಿನ್ನ ಶುಕ್ರವಾರದಿಂದ ಎಷ್ಟು ದೊಡ್ಡ ಅನಾಹುತ ಆಗ್ತಿತ್ತು,’ ಅಂದೆ.

ಅಮ್ಮ ನನ್ನನ್ನು ಮೇಲಿಂದ ಕೆಳಗಿನವರೆಗೂ ನೋಡಿದಳು. ‘ನನ್ನ ಮ್ಯಾಲೆ ಆಕ್ತೀಯಾ? ಐವತ್ತು ವರ್ಷದಿಂದ ನಾನೂ ದುಡ್ಡು ಕೊಟ್ಟಿದ್ದೀನಿ, ಇಂಡಿ ಅಂಗ್ಡಿಗೆ, ಬೂಸಾ ಅಂಗ್ಡಿಗೆ. ಒಬ್ಬನ ಕೈಲೂ ಮಾತು ಅನ್ನಿಸ್ಕಂಡಿಲ್ಲ. ಶುಕ್ರವಾರ ಕೊಡಬ್ಯಾಡ ಅಂದ್ರೆ ಗುರುವಾರವೇ ಕೊಟ್ಟು ಕೈ ತೊಳಕೋ ಅಂತ ಕಣ್ಲಾ. ಶನಿವಾರ ಕೊಡು ಅಂತ ನಿಂಗೆ ಯಾವನ್ಲಾ ಏಳಿದ್ದು?’

ಯಾರೂ ಹೇಳಿರಲಿಲ್ಲ. ನಲವತ್ತೈದು ವರ್ಷ ಆ ಸಂಪ್ರದಾಯವನ್ನು ನಾನು ತಲೆಕೆಳಗಾಗಿ ಹಿಡಿದು ಓದಿದ್ದೆ.

ಸೋಮವಾರ ಕಾಲೇಜಿಗೆ ಹೋದೆ. ಎರಡನೇ ವರ್ಷದ ಒಬ್ಬ ಹುಡುಗಿ ಪುಸ್ತಕ ವಾಪಸು ತಂದಳು. ಶುಕ್ರವಾರ ತರಬೇಕಾಗಿತ್ತು. ರಜೆಯಲ್ಲೂ ಗ್ರಂಥಾಲಯದ ಹೊರಗೆ ಪುಸ್ತಕ ಹಾಕುವ ಪೆಟ್ಟಿಗೆ ಇರುತ್ತದೆ. ನಮ್ಮಲ್ಲಿ ಕಾಲೇಜಿನ ಕೆಲಸದ ದಿನಕ್ಕೆ ಒಂದು ರೂಪಾಯಿ ದಂಡ. ಅದನ್ನು ಹದಿನಾರು ವರ್ಷದಲ್ಲಿ ನಾನು ಯಾರಿಗೂ ಮಾಫಿ ಮಾಡಿಲ್ಲ. ‘ಒಂದು ದಿನ ತಾನೆ ಸಾರ್’ ಅಂತ ಕಣ್ಣಲ್ಲಿ ನೀರು ತಂದುಕೊಂಡವರಿಗೂ ನಿಯಮ ನಿಯಮವೇ ಅಂತ ರಸೀದಿ ಹರಿದವನು. ‘ಶುಕ್ರವಾರ ಪುಸ್ತಕ ಮನೆಯಿಂದ ಹೊರಗೆ ಕಳಿಸಬಾರದು, ಸರಸ್ವತಿ ಹೋಗ್ತಾಳೆ ಅಂತ ನಮ್ಮಜ್ಜಿ ಬಿಡಲಿಲ್ಲ ಸಾರ್,’ ಅಂದಳು. ನಾನು ರಸೀದಿ ಪುಸ್ತಕದ ಮೇಲೆ ಕೈಯಿಟ್ಟು ಅವಳನ್ನೇ ನೋಡಿದೆ.

‘ನನ್ನ ಹತ್ರ ಇವತ್ತು ಬಸ್ಸಿಗೆ ಮಾತ್ರ ಚಿಲ್ಲರೆ ಇದೆ ಸಾರ್.’

‘ಪರವಾಗಿಲ್ಲ. ನಾಳೆ ಕೊಡಮ್ಮ.’

‘ನಾಳೆ ಮಂಗಳವಾರ ಸಾರ್. ಮಂಗಳವಾರನೂ ಅಜ್ಜಿ ದುಡ್ಡು ಹೊರಗೆ ಬಿಡಲ್ಲ.’

ನನಗೆ ಅವಳ ಮೇಲೆ ಎಲ್ಲಿಲ್ಲದ ಅಕ್ಕರೆ ಬಂತು. ಈ ಮಗುವನ್ನಾದರೂ ಉಳಿಸಬೇಕು ಅನ್ನಿಸಿತು. ನನ್ನದೇ ಜೇಬಿನಿಂದ ಒಂದು ರೂಪಾಯಿ ತೆಗೆದು ಮೇಜಿನ ಖಾನೆಗೆ ಹಾಕಿ, ಮುಂದಕ್ಕೆ ಬಾಗಿ, ಸಾಧ್ಯವಾದಷ್ಟು ಮೃದುವಾಗಿ ನಕ್ಕು, ‘ನಿನ್ನ ದಂಡ ಈಗ ನಾನೇ ಕಟ್ಟಿದ್ದೇನಮ್ಮ. ಇನ್ನು ನೀನು ಕೊಡಬೇಕಾದದ್ದು ನನಗೆ. ಬುಧವಾರ ಕೊಡು. ಬಡ್ಡಿ ಏನೂ ಇಲ್ಲ,’ ಅಂದೆ.

ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. ನನ್ನ ಮುಖದಲ್ಲಿ ಏನು ಕಂಡಳೋ ಗೊತ್ತಿಲ್ಲ. ಕಣ್ಣು ನನ್ನ ಮೇಲಿಂದ ತೆಗೆಯದೆಯೇ ಬ್ಯಾಗಿನೊಳಗೆ ಕೈ ಹಾಕಿ ತಡಕಿ, ತಳದಿಂದ ಒಂದು ರೂಪಾಯಿಯ ನಾಣ್ಯ ತೆಗೆದು ಮೇಜಿನ ಮೇಲಿಟ್ಟಳು. ‘ಬೇಡ ಸಾರ್, ಇವತ್ತೇ ತಗೊಂಡುಬಿಡಿ. ಸ್ಟೇಷನ್‌ವರೆಗೆ ನಡೆದುಕೊಂಡು ಹೋಗ್ತೀನಿ,’ ಅಂದವಳು, ರಸೀದಿಗೂ ಕಾಯದೆ ಹೊರಟೇ ಹೋದಳು.